ಅಳಿಯಂದಿರು ಮತ್ತು ಮೂರು-ನಾಲ್ಕು-ಮೂರರ ನಡುಸಾಲು

ಫುಟ್‌ಬಾಲ್ ಆಡುವವರನ್ನು ಅವರವರ ಊರು ನೋಡಿ ಮೈದಾನದಲ್ಲಿ ನಿಲ್ಲಿಸಿದ ಕೀರ್ತಿ ಪುಣೆಯ ನಮ್ಮ ಕನ್ನಡ ಸಂಘಕ್ಕೆ ಸಲ್ಲಬೇಕು. ಈ ಕೀರ್ತಿಯಲ್ಲಿ ಪಾಲು ಕೇಳಲು ಬೇರೆ ಯಾರೂ ಮುಂದೆ ಬರಲಾರರು ಎಂಬ ಧೈರ್ಯ ನನಗಿದೆ. ಅಂದು ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳಲು ನಾನೂ ಅಂಥ ಪ್ರಯತ್ನವನ್ನೇನೂ ಮಾಡಿಲ್ಲ.

ಸಂಘದ ತಂಡ ಖಡಕಿಯ ಮೈದಾನದಲ್ಲಿ ಚಳಿಗಾಲದ ಭಾನುವಾರಗಳಂದು ಆಡುತ್ತದೆ. ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಉತ್ತರ ಕರ್ನಾಟಕದವರು, ಹೋಟೆಲು ನಡೆಸುವ ಕರಾವಳಿಯವರು, ಕಂಪ್ಯೂಟರ್ ಕಂಪನಿಗಳಲ್ಲಿರುವ ಬೆಂಗಳೂರು-ಮೈಸೂರು ಕಡೆಯವರು, ಹೀಗೆ ಮೂರೂ ಕಡೆಯವರು ಅದರಲ್ಲಿದ್ದಾರೆ. ನಮ್ಮ ಅಳಿಯಂದಿರು ಮೈಸೂರು ಕಡೆಯವರು. ಮಗಳು ಮೆಚ್ಚಿ ಮದುವೆಯಾದಳು. ನಾನು ಮೆಚ್ಚಿದ್ದು ಅವರು ಆಡುವುದನ್ನು ನೋಡಿದ ಮೇಲೆ.

ಓಡುವುದರಲ್ಲಿ ಅವರದು ಲೋಣಾವಳದ ಲೋಕಲ್ ಗಾಡಿಗಿಂತ ಸಾವಕಾಶ. ಆದರೆ ಚೆಂಡು ಕಾಲಿಗೆ ಬರುವ ಮೊದಲೇ ಅದನ್ನು ಯಾರಿಗೆ ಕೊಡಬೇಕೆಂಬುದು ಅವರಿಗೆ ಗೊತ್ತಿರುತ್ತದೆ. ಮುಟ್ಟಿದರು, ತಿರುಗಿದರು, ಕಳಿಸಿದರು. ಇಷ್ಟೇ ಅವರ ಆಟ. ಇಂಥವರಿಗೆ ಹೇಳಿ ಮಾಡಿಸಿದ್ದು ನಾಲ್ಕು-ಮೂರು-ಮೂರರ ವ್ಯೂಹ: ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು. ನಡುವಿನ ಮೂವರಲ್ಲಿ ಅಳಿಯಂದಿರು ಸ್ವಲ್ಪ ಹಿಂದೆ, ಮಧ್ಯದಲ್ಲಿ. ಬಲಕ್ಕೆ ನಮ್ಮ ಬೆಳಗಾವಿಯ ಒಬ್ಬ ಟರ್ನರ್, ಕಾರ್ಖಾನೆಯಲ್ಲಿ ಲೇತ್ ನಡೆಸುವವನು. ಎಡಕ್ಕೆ ಉಡುಪಿ ಕಡೆಯವನೊಬ್ಬ, ಹೋಟೆಲಿನ ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುವವನು. ಅವರಿಬ್ಬರೂ ಬೇಟೆನಾಯಿಗಳ ಹಾಗೆ ಓಡಿ ಚೆಂಡನ್ನು ಕಿತ್ತು ತಂದು ಇವರ ಕಾಲಿಗೆ ಹಾಕುತ್ತಿದ್ದರು. ಎರಡು ಚಳಿಗಾಲ ಹೀಗೇ ಚೆನ್ನಾಗಿ ನಡೆಯಿತು.

ಆಮೇಲೆ ಅಳಿಯಂದಿರ ಮೊಣಕಾಲು ಕೈಕೊಟ್ಟಿತು. ಆಪರೇಷನ್ ಆಯಿತು. ಒಂದು ಇಡೀ ಚಳಿಗಾಲ ಅವರು ಗೋಡೆ ಹಿಡಿದು ಕಾಲು ಮಡಚುವುದನ್ನೂ ಚಾಚುವುದನ್ನೂ ನಾನು ನೋಡಿದ್ದೇನೆ. ಡಾಕ್ಟರು ಆಡಬಹುದು ಎಂದ ದಿನ ಅವರು ನನ್ನ ಮಗಳಿಗೆ ಹೇಳಿದರು: "ಈ ಸಲ ಆಡಕ್ಕಾದ್ರೆ ಆಡ್ತೀನಿ. ಆಗ್ಲಿಲ್ಲ ಅಂದ್ರೆ ಬೂಟು ಯಾರಿಗಾದ್ರೂ ಕೊಟ್ಬಿಡ್ತೀನಿ, ಮುಗೀತು." ಹಗುರವಾಗಿ ಹೇಳಿದರು. ಮಗಳು ಅಡುಗೆಮನೆಗೆ ಹೋಗಿ ತುಂಬ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಳು.

ಅದೇ ತಿಂಗಳು ಸಂಘದ ವಾರ್ಷಿಕ ಸಭೆ. ತಂಡದಲ್ಲಿ ತಮ್ಮ ಕಡೆಯವರಿಗೆ ಅನ್ಯಾಯವಾಗಿದೆ ಎಂದು ಒಬ್ಬರು ಎದ್ದರು. ಕೂಡಲೇ ಉಳಿದ ಎರಡು ಕಡೆಯವರಿಗೂ ತಮಗಾದ ಅನ್ಯಾಯ ನೆನಪಾಯಿತು. ಅಧ್ಯಕ್ಷರು ಕರಾವಳಿಯವರು, ದೊಡ್ಡ ಹೋಟೆಲಿನ ಮಾಲೀಕರು, ಯಾರಿಗೂ ಇಲ್ಲ ಎನ್ನಲಾರದ ಮೃದು ಮನುಷ್ಯ. ಕೇಡು ಹುಟ್ಟಿದ್ದೇ ಆ ಮೃದುತ್ವದಲ್ಲಿ. ಸಮಗ್ರ ಕರ್ನಾಟಕದ ಐಕ್ಯತೆಯ ದೃಷ್ಟಿಯಿಂದ ಹಿಂದಿನ ಸಾಲು ಉತ್ತರದವರಿಗೆ, ನಡುವಿನ ಸಾಲು ದಕ್ಷಿಣದವರಿಗೆ, ಮುಂದಿನ ಸಾಲು ಕರಾವಳಿಗೆ ಎಂದು ಸರ್ವಾನುಮತದಿಂದ ಅಂಗೀಕಾರವಾಯಿತು. ದಕ್ಷಿಣದವರ ಸಂಖ್ಯೆ ಹೆಚ್ಚೆಂದು ಅವರಿಗೆ ನಾಲ್ಕು, ಉಳಿದವರಿಗೆ ಮೂರು ಮೂರು. ಮೂರು-ನಾಲ್ಕು-ಮೂರು ಎಂಬ ವ್ಯೂಹ ನಮ್ಮಲ್ಲಿ ಜನಿಸಿದ್ದು ಹೀಗೆ. ಗೋಲ್‌ಕೀಪರ್ ಹುಟ್ಟಿ ಬೆಳೆದದ್ದೆಲ್ಲ ಪುಣೆಯಲ್ಲೇ ಆದ್ದರಿಂದ ಪಾಪ ಅವನ ಬಗ್ಗೆ ಯಾರೂ ಜಗಳವಾಡಲಿಲ್ಲ.

ಟರ್ನರ್ ಹಿಂದಿನ ಸಾಲಿಗೆ ಹೋದ. ಗಲ್ಲೆಯವನು ಮುಂದಿನ ಸಾಲಿಗೆ. ನಡುವಿನ ನಾಲ್ವರಲ್ಲಿ ಇಬ್ಬರು ಎರಡು ಅಂಚಿಗೆ. ಉಳಿದದ್ದು ಅಳಿಯಂದಿರು, ಮತ್ತೆ ಅವರಷ್ಟೇ ಸಾವಕಾಶದ ಇನ್ನೊಬ್ಬರು. ಅಷ್ಟಗಲ ಬಯಲಿಗೆ ಇಬ್ಬರು!

ನಾನು ಎದ್ದು ನಿಂತೆ. "ಅಧ್ಯಕ್ಷರ, ಇದು ಆಟ ಅದರಿ, ಊಟದ ಪಂಕ್ತಿ ಅಲ್ಲ."

"ಎಂತ ಮಾರಾಯ್ರೆ, ನಿಮ್ಮ ಅಳಿಯನಿಗೆ ನಡುವೆಯೇ ಜಾಗ ಉಂಟಲ್ಲ! ಮತ್ತೆಂತ ಬೇಕು ನಿಮಗೆ?"

"ಜಾಗ ಅದರಿ. ಬಾಜೂಕ ಓಡಾವ್ರು ಇಲ್ಲ. ಇವರು ಚೆಂಡು ಕಸಿಯೋ ಮಂದಿ ಅಲ್ರಿ, ಕೊಡೋ ಮಂದಿ."

"ಹಾಗಾದ್ರೆ ಓಡ್ಲಿ. ಫುಟ್‌ಬಾಲ್ ಅಂದ್ರೆ ಓಡುವುದೇ ಅಲ್ವಾ?"

ಸಭೆ ನಕ್ಕಿತು. ಅಳಿಯನ ಪರ ವಕಾಲತ್ತು ಎಂದು ಹಿಂದಿನಿಂದ ಯಾರೋ ಗೊಣಗಿದರು. "ಹಿರಿಯರ ಮಾರ್ಗದರ್ಶನ ನಮಗೆ ಯಾವತ್ತೂ ಬೇಕು" ಎಂದು ಹೇಳಿ ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರು. ರಾಜ್ಯೋತ್ಸವದ ಊಟಕ್ಕೆ ಹೋಳಿಗೆಯೋ ಪಾಯಸವೋ ಎಂಬುದು ಆ ವಿಷಯ. ಅದಕ್ಕೆ ಫುಟ್‌ಬಾಲಿಗಿಂತ ಹೆಚ್ಚು ಹೊತ್ತು ಹಿಡಿಯಿತು, ಹೆಚ್ಚು ಆಳವಾದ ಚರ್ಚೆಯೂ ಆಯಿತು.

ಮನೆಗೆ ಬಂದು ಕೂಗಾಡಿದೆ. ನಮ್ಮ ಕಡೆ ಅಳಿಯನಿಗೆ ಏಕವಚನ ಹಚ್ಚುವ ಪದ್ಧತಿ ಇಲ್ಲ. ಹೀಗಾಗಿ ಎಷ್ಟೇ ಸಿಟ್ಟು ಬಂದರೂ ಅದನ್ನು 'ರೀ' ಹಚ್ಚಿಯೇ ಹೊರಗೆ ಬಿಡಬೇಕು. ಅದರಿಂದ ಸಿಟ್ಟು ಇನ್ನಷ್ಟು ಕುದಿಯುತ್ತದೆ.

"ಬಿಡಿ ಮಾವ, ಅಡ್ಜಸ್ಟ್ ಮಾಡ್ಕೋತೀನಿ," ಎಂದರು.

"ಅಡ್ಜಸ್ಟ್ ಮಾಡ್ಕೊಳ್ಳಿಕ್ಕೆ ಇದೇನು ರೈಲಿನ ಸೀಟೇನ್ರಿ? ಆ ಮೊಣಕಾಲು ತಗೊಂಡು ಆ ತುದಿಯಿಂದ ಈ ತುದಿಗೆ ಓಡ್ತೀರೇನ್ರಿ?"

"ಆಡದೆ ಕೂತ್ಕೊಳೋದಕ್ಕಿಂತ ವಾಸಿ ಅಲ್ವಾ ಮಾವ?"

ಮಾತು ಸರಿಯಾಗಿತ್ತು. ಸರಿಯಾಗಿದ್ದಕ್ಕೂ ಸಿಟ್ಟು ಬಂತು.

ಮೊದಲ ಪಂದ್ಯ ಖಡಕಿಯದೇ ಒಂದು ಮರಾಠಿ ತಂಡದ ಮೇಲೆ. ಅವರು ನಡುವೆ ಮೂವರನ್ನು ಇಟ್ಟಿದ್ದರು. ನಮ್ಮ ಇಬ್ಬರ ಸುತ್ತ ಆ ಮೂವರು ಚೆಂಡನ್ನು ಆಡಿಸಿದರು, ಮಕ್ಕಳಿಗೆ ಪೆಪ್ಪರಮಿಂಟು ತೋರಿಸಿ ಕೈ ಹಿಂದಕ್ಕೆಳೆದುಕೊಳ್ಳುವ ಹಾಗೆ. ಅಳಿಯಂದಿರು ಓಡಿದರು. ಅವರು ತಲುಪುವ ಹೊತ್ತಿಗೆ ಚೆಂಡು ಅಲ್ಲಿಂದ ಹೊರಟುಹೋಗಿರುತ್ತಿತ್ತು. ಒಂದು ಗೋಲು ಬಿತ್ತು, ಇನ್ನೊಂದು ಬಿತ್ತು. ಟರ್ನರ್‌ಗೆ ನೋಡಲಾಗಲಿಲ್ಲ. ಹಳೆಯ ರೂಢಿಯಂತೆ ಹಿಂದಿನ ಸಾಲು ಬಿಟ್ಟು ನಡುವೆ ನುಗ್ಗಿದ, ಒಬ್ಬನ ಕಾಲಿನಿಂದ ಚೆಂಡು ಕಿತ್ತ, ಅಳಿಯಂದಿರಿಗೆ ತಳ್ಳಿದ. ಮುಟ್ಟಿದರು, ತಿರುಗಿದರು, ಕಳಿಸಿದರು. ಗಲ್ಲೆಯವನ ಮುಂದೆ ಬಯಲೆಲ್ಲ ಖಾಲಿ! ಅವನು ಹೊಡೆದದ್ದು ಕಂಬಕ್ಕೆ ಬಡಿಯಿತು. ನಾನು ಕುರ್ಚಿಯಿಂದ ಎದ್ದೆ. ಅಷ್ಟರಲ್ಲಿ ಅಧ್ಯಕ್ಷರು ಗೆರೆಯ ಹತ್ತಿರ ಓಡಿಬಂದು ಟರ್ನರ್‌ಗೆ ಕೂಗಿದರು:

"ಹಿಂದೆ ಹೋಗಿ, ಹಿಂದೆ ಹೋಗಿ! ಅದು ನಿಮ್ಮ ಸಾಲಲ್ಲ ಮಾರಾಯ್ರೆ! ನಾಳೆ ದಕ್ಷಿಣದವರಿಗೆ ನಾನು ಉತ್ತರ ಕೊಡ್ಬೇಕು!"

ಟರ್ನರ್ ಹಿಂದೆ ಹೋದ. ಮತ್ತೆ ಗೋಲು ಬಿತ್ತು.

ಅರ್ಧ ವೇಳೆಗೆ ಮೈಕು ಬಂತು. ನಮ್ಮ ಸಂಘದಲ್ಲಿ ಯಾರನ್ನೂ ತೆಗೆದುಹಾಕುವ ಪದ್ಧತಿಯಿಲ್ಲ. ಸನ್ಮಾನ ಮಾಡುವ ಪದ್ಧತಿಯಿದೆ. ನಾಟಕ ಆಡಿಸುತ್ತಿದ್ದವರಿಗೆ ಒಂದು ವರ್ಷ ಶಾಲು ಹೊದಿಸಿದರು, ಆಮೇಲೆ ಅವರು ರಂಗಮಂಚ ಹತ್ತಲಿಲ್ಲ. ಖಜಾಂಚಿಗೆ ಹೊದಿಸಿದರು, ಮರುವರ್ಷ ಖಜಾಂಚಿ ಬೇರೆ. ಹೀಗಾಗಿ ಅಧ್ಯಕ್ಷರು "ಮೊಣಕಾಲಿನ ನೋವನ್ನೂ ಲೆಕ್ಕಿಸದೆ ದೀರ್ಘಕಾಲ ಸೇವೆ ಸಲ್ಲಿಸಿದ ನಮ್ಮ ಹೆಮ್ಮೆಯ ಹಿರಿಯ ಆಟಗಾರರು" ಎಂದು ಶುರುಮಾಡಿದಾಗಲೇ ನನಗೆ ಅರ್ಥವಾಯಿತು. ಮೂವತ್ತೈದು ತುಂಬದ ಮನುಷ್ಯ ಹಿರಿಯ! ಬೆವರು ಇಳಿಯುವ ಬನಿಯನ್ನಿನ ಮೇಲೆ ಶಾಲು, ಶಾಲಿನ ಮೇಲೆ ಚೆಂಡುಹೂವಿನ ಹಾರ, ತಲೆಗೆ ಮೈಸೂರು ಪೇಟ. ಅಳತೆ ದೊಡ್ಡದಾಗಿ ಪೇಟ ಕಿವಿಯ ಮೇಲೆ ಇಳಿಯಿತು. ಎದುರಾಳಿ ತಂಡದವರೂ ಏನೆಂದು ತಿಳಿಯದೆ ಚಪ್ಪಾಳೆ ತಟ್ಟಿದರು.

ಅಳಿಯಂದಿರು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಮಾವ, ನಾನು ರಿಟೈರ್ ಆದ್ನಾ?"

ಆ ಪೇಟದ ಕೆಳಗಿನ ಮುಖ ನೋಡಿ ನನಗೆ ಮೈಯೆಲ್ಲ ಉರಿಯಿತು. ಶಾಲು ತೆಗೆದೆ. ನಾಲ್ಕು ಮಡಿಕೆ ಮಾಡಿದೆ. ಅಧ್ಯಕ್ಷರ ಕೈಯಲ್ಲಿಟ್ಟೆ. "ಇದು ನಿಮ್ಮ ಹತ್ರನ ಇರ್ಲಿರಿ. ಮುಂದಿನ ಸಲ ನಿಮಗ ಬೇಕಾಗ್ತದ."

"ಅಯ್ಯೋ, ಬಿಸಿ ಆಗ್ಬೇಡಿ ಮಾರಾಯ್ರೆ," ಎಂದರು ಆ ಮೃದು ಮನುಷ್ಯ. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. ಅವರಂಥವರ ಮೇಲೆ ಸಿಟ್ಟು ಮಾಡಿದರೆ ನಮಗೇ ಕೆಟ್ಟ ಹೆಸರು.

ಉಳಿದರ್ಧ ಆಟವನ್ನು ಅಳಿಯಂದಿರು ಹೊರಗೆ ಕೂತು ನೋಡಿದರು. ಪಂದ್ಯ ಮುಗಿದು ನಾವು ಸ್ಕೂಟರಿನ ಹತ್ತಿರ ನಿಂತಾಗ ಮರಾಠಿ ತಂಡದ ಕ್ಯಾಪ್ಟನ್ ಬಂದ. "ದಾದಾ, ಆಮಚ್ಯಾಕಡೆ ಯಾ ನಾ," ಎಂದ ಅಳಿಯಂದಿರಿಗೆ. ನಮ್ಮ ಕಡೆ ಬನ್ನಿ, ಫೆಬ್ರವರಿಯಲ್ಲಿ ಇನ್ನೊಂದು ಪಂದ್ಯಾವಳಿ ಇದೆ, ನಿಮ್ಮ ಎರಡೂ ಬಾಜೂ ಓಡುವವರನ್ನು ಕೊಡುತ್ತೇವೆ ಎಂದ. ಆ ಒಂದು ಪಾಸು ಅವನು ನೋಡಿದ್ದ. ನಮ್ಮವರು ನೋಡಿದ್ದು ಟರ್ನರ್ ಗೆರೆ ದಾಟಿದ್ದನ್ನು.

"ಹೋಗ್ಲಾ ಮಾವ?"

ಸಂಘದ ಆಜೀವ ಸದಸ್ಯ ನಾನು. ಸ್ಕೂಟರಿಗೆ ಎರಡು ಸಲ ಸುಮ್ಮನೆ ಕಿಕ್ ಹೊಡೆದೆ. "ಹೋಗ್ರಿ ಅಳಿಯಾರ," ಎಂದೆ. "ಬೂಟು ಮಾತ್ರ ಯಾರಿಗೂ ಕೊಡಬ್ಯಾಡ್ರಿ."

ಫೆಬ್ರವರಿಯ ಆ ಪಂದ್ಯಾವಳಿಯಲ್ಲಿ ಅವರು ನಮ್ಮ ಸಂಘದ ಮೇಲೆಯೇ ಆಡಿದರು. ಎರಡೂ ಬದಿಗೆ ಇಬ್ಬರು ಓಡುತ್ತಿದ್ದರು. ಅಳಿಯಂದಿರು ಮುಟ್ಟಿದರು, ತಿರುಗಿದರು, ಕಳಿಸಿದರು, ಆಟ ಮುಗಿಯುವವರೆಗೂ. ಮೊಣಕಾಲು ಒಮ್ಮೆಯೂ ತಕರಾರು ಮಾಡಲಿಲ್ಲ. ಕರ್ನಾಟಕದ ಐಕ್ಯತೆ ಮೂರು ಸಾಲಾಗಿ ಅಲ್ಲಲ್ಲೇ ನಿಂತು ಅದನ್ನು ವೀಕ್ಷಿಸಿತು. ನಾನು ಆಚೆ ಬದಿಗೆ, ಮರಾಠಿಯವರ ನಡುವೆ ಕೂತು, ಕನ್ನಡದಲ್ಲಿ ನಮ್ಮವರನ್ನೇ ಬಯ್ಯುತ್ತಿದ್ದೆ. ಎದುರು ಬದಿಯಿಂದ ಅಧ್ಯಕ್ಷರು ನನ್ನನ್ನು ಬಹಳ ಪ್ರೀತಿಯಿಂದ ನೋಡುತ್ತಿದ್ದರು, ಅದರಲ್ಲೂ ತಲೆಯನ್ನು. ಪೇಟದ ಅಳತೆ ತೆಗೆದುಕೊಳ್ಳುತ್ತಿದ್ದರು ಎಂದು ಕಾಣುತ್ತದೆ.