ಹೆಸರು ಹಾಕದ ಪ್ರಾರ್ಥನಾ ವಿನಂತಿ

ಹೋದ ತಿಂಗಳು ನಾನು ಪ್ರಾರ್ಥನೆಯ ಹೆಸರಿನಲ್ಲಿ ಒಬ್ಬಳ ಮನೆ ಬಿಡಿಸಿದೆ.

ಗಾಬರಿಯಾಗಬೇಡಿ, ಮಾಟ ಮಂತ್ರ ಏನಿಲ್ಲ. ನಾನು ಬೈಕುಲ್ಲಾ ಕಡೆಯ ಒಂದು ಕನ್ನಡ ಚರ್ಚಿನ ಸದಸ್ಯೆ, ಮೂಲ ಧಾರವಾಡ, ಬಾಯಿ ಸ್ವಲ್ಪ ದೊಡ್ಡದು. ಅಷ್ಟೇ ಸಾಕಾಯಿತು.

ನಮ್ಮಲ್ಲಿ ಚಾಡಿ ಹೇಳುವುದು ಪಾಪ. ಅದನ್ನೇ 'ದಯವಿಟ್ಟು ಪ್ರಾರ್ಥಿಸಿ' ಎಂದು ಶುರು ಮಾಡಿದರೆ ಸೇವೆ! ಯಾರ ಮಗಳು ಯಾರ ಬೈಕ್ ಮೇಲೆ ಓಡಾಡುತ್ತಿದ್ದಾಳೆ, ಯಾರ ಗಂಡನ ಲಿವರ್ ಯಾಕೆ ಕೆಟ್ಟಿತು, ಎಲ್ಲವೂ ನಮ್ಮ ಸ್ತ್ರೀಯರ ಕೂಟದ ಮೊಬೈಲ್ ಗ್ರೂಪಿಗೆ ಪ್ರಾರ್ಥನಾ ವಿನಂತಿಯಾಗಿಯೇ ಬರುತ್ತದೆ. ಕೊನೆಗೆ ಮುಗಿದ ಕೈಗಳ ಚಿತ್ರ. (ನಿಮ್ಮ ಬಿಲ್ಡಿಂಗಿನ ಗ್ರೂಪಿನಲ್ಲಿ ಇದಕ್ಕೆ ಏನೆನ್ನುತ್ತಾರೆ? 'ಹಾಗೇ ಕೇಳಿದೆ' ಎನ್ನುತ್ತಾರಲ್ಲವೇ?)

ಈಗ ಸುಗುಣಾಳ ವಿಷಯ, ಅವಳೂ ನಮ್ಮ ಚರ್ಚಿನವಳೇ. ದಹಿಸರ್‌ನಲ್ಲಿ ಗಂಡ ಅವಳನ್ನು ಹನ್ನೊಂದು ವರ್ಷ ಹೊಡೆದ. ಒಂದು ದಿನ ಅವಳು ಬಟ್ಟೆಯ ಚೀಲ ಹಿಡಿದು ಲೋಕಲ್ ರೈಲು ಹತ್ತಿದಳು. ಭಾಂಡುಪ್‌ನ ವಠಾರದಂಥ ಚಾಳಿನಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದು ಬ್ಲೌಸ್ ಹೊಲಿಯತೊಡಗಿದಳು. ಅವಳು ಅಲ್ಲಿರುವುದು ನಮ್ಮ ಚರ್ಚಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಬುಧವಾರ ಬುಧವಾರ ನಾನು ಹೋಗುತ್ತಿದ್ದೆ. ಚಹಾ, ಒಂದು ಹಾಡು, ಒಂದು ಪ್ರಾರ್ಥನೆ.

ಮೊದಲ ಬುಧವಾರವೇ ಗಮನಿಸಿದೆ, ಸುಗುಣಾ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚುವುದಿಲ್ಲ. (ನನಗೆ ಹೇಗೆ ಗೊತ್ತಾಯಿತು ಎಂದಿರಾ? ನಾನೂ ಮುಚ್ಚಿರಲಿಲ್ಲ.) ಬಾಗಿಲನ್ನೇ ನೋಡುತ್ತಿದ್ದಳು. ಯಾಕೆ ಎಂದು ಕೇಳಿದೆ.

"ಕಣ್ಣ ಮುಚ್ಚಿದ್ರ ಹೊಡತ ಯಾವ ಕಡಿಂದ ಬರ್ತದಂತ ತಿಳ್ಯಂಗಿಲ್ಲಕ್ಕಾ," ಎಂದಳು. "ದೇವರು ಇದಕ್ಕೇನು ಬ್ಯಾಸರಾ ಮಾಡ್ಕೊಳ್ಳಂಗಿಲ್ಲಲ್ಲ?"

ನಾನು ಇನ್ನೊಂದು ಕಪ್ ಚಹಾ ಕೇಳಿದೆ.

ಮೂರು ವರ್ಷ ಅವಳು ಕಣ್ಣು ತೆರೆದೇ ಪ್ರಾರ್ಥಿಸಿದಳು. ತಿಂಗಳಿಗೆ ಎರಡು ಸಲ ಕೌನ್ಸೆಲರ್ ಹತ್ತಿರವೂ ಹೋದಳು. (ಪ್ರಾರ್ಥನೆ ಸಾಲದೇ ಎಂದು ಮೂಗು ಮುರಿಯುವವರೇ, ಹಲ್ಲು ನೋವು ಬಂದಾಗ ನೀವು ಎಲ್ಲಿಗೆ ಓಡುತ್ತೀರಿ?) ಹೋದ ತಿಂಗಳ ಒಂದು ಬುಧವಾರ, ನಾನು ಪ್ರಾರ್ಥಿಸುತ್ತಲೇ ಓರೆಗಣ್ಣಿನಲ್ಲಿ ನೋಡಿದರೆ, ಸುಗುಣಾ ಕಣ್ಣು ಮುಚ್ಚಿದ್ದಾಳೆ! ರೆಪ್ಪೆ ಅದುರುತ್ತಿತ್ತು, ಆದರೆ ಮುಚ್ಚಿತ್ತು. ನನಗೆ ಅಳುವೇ ಬಂತು, ಸಂತೋಷಕ್ಕೆ. ಮುಂದಿನ ಮಾತೇ ಮರೆತು ಆಮೆನ್ ಎಂದುಬಿಟ್ಟೆ.

ಇಂಥ ಸಂತೋಷ ನನ್ನ ಹೊಟ್ಟೆಯಲ್ಲಿ ಉಳಿಯುತ್ತದೆಯೇ? ಭಾಂಡುಪ್ ಸ್ಟೇಷನ್ನಿನಲ್ಲಿ ನಿಂತೇ ಗ್ರೂಪಿಗೆ ಬರೆದೆ: 'ದಯವಿಟ್ಟು ಪ್ರಾರ್ಥಿಸಿ. ಭಾಂಡುಪ್‌ನಲ್ಲಿ ಬ್ಲೌಸ್ ಹೊಲಿಯುವ ಒಬ್ಬ ಸಹೋದರಿ, ಗಂಡನ ಹೊಡೆತದಿಂದ ನೊಂದವಳು, ಮೂರು ವರ್ಷದ ಮೇಲೆ ಇವತ್ತು ಕಣ್ಣು ಮುಚ್ಚಿ ಪ್ರಾರ್ಥಿಸಿದಳು. ಪೂರ್ತಿ ಗುಣವಾಗಲಿ.' ಹೆಸರು ಹಾಕಲಿಲ್ಲ. ಅಷ್ಟೂ ತಿಳಿಯದವಳೇ ನಾನು?

ಲೋಕಲ್ ವಿಕ್ರೋಳಿ ದಾಟುವಷ್ಟರಲ್ಲಿ ಇಪ್ಪತ್ತು ಆಮೆನ್ ಬಂದವು. ಘಾಟ್‌ಕೋಪರ್‌ನಲ್ಲಿ ಒಬ್ಬರು ಕೇಳಿದರು, 'ನಮ್ಮ ಸುಗುಣಾನ ಏನ್ರಿ?' ದಾದರ್‌ನಲ್ಲಿ ಇನ್ನೊಬ್ಬರು, 'ಭಾಂಡುಪ್‌ನ್ಯಾಗ ಎಲ್ಲಿ? ನಂದೂ ನಾಕು ಬ್ಲೌಸ್ ಹೊಲಸೋದದ.' ಕೂಡಲೇ ಮೆಸೇಜ್ ಅಳಿಸಿದೆ. ಅಳಿಸಿದ್ದನ್ನು ನೋಡಿ ಓದದವರೂ ಓದಿದವರಿಗೆ ಫೋನ್ ಮಾಡಿ ಕೇಳಿದರು.

ಗ್ರೂಪಿನಲ್ಲಿ ದಾನಿಯೇಲಪ್ಪ ಕಾಕಾನ ಹೆಂಡತಿಯೂ ಇದ್ದಾರೆ. ಕಾಕಾ ನಮ್ಮ ಚರ್ಚಿನ ಹಿರಿಯರು, ಒಳ್ಳೆಯವರು, ಮುರಿದ ಸಂಸಾರ ಕೂಡಿಸುವುದೆಂದರೆ ಊಟ ಬಿಟ್ಟು ಓಡುವವರು. ಸುಗುಣಾಳ ಗಂಡ ಕುಡಿತ ಬಿಟ್ಟಿದ್ದಾನೆ, ಪೂರ್ತಿ ಬದಲಾಗಿದ್ದಾನೆ ಎಂದು ನಂಬಿದ್ದರು. ಭಾಂಡುಪ್‌ನಲ್ಲಿ ಬ್ಲೌಸ್ ಹೊಲಿಯುವ ಕನ್ನಡದ ಹೆಂಗಸನ್ನು ಹುಡುಕಲು ಎಷ್ಟು ಹೊತ್ತು? ಶನಿವಾರ ಮಧ್ಯಾಹ್ನ ಅವನನ್ನು ಕರೆದುಕೊಂಡು ಹೋಗಿ ಅವಳ ಬಾಗಿಲಲ್ಲಿ ನಿಂತರು. ಗಂಡನ ಕೈಯಲ್ಲಿ ಒಂದು ಕಿಲೋ ದ್ರಾಕ್ಷಿ.

ಸುಗುಣಾ ಕಬ್ಬಿಣದ ಸರಳಿನ ಜಾಳಿ ಬಾಗಿಲು ತೆಗೆಯಲಿಲ್ಲ.

"ಕ್ಷಮಿಸಬೇಕಲ್ಲ ತಂಗಿ, ನಾವು ಕ್ರೈಸ್ತರು," ಎಂದರಂತೆ ಕಾಕಾ.

"ಕ್ಷಮಿಸೇನಿ ಕಾಕಾ. ಬಾಗಲಾ ತಗಿಯೂದು ಬ್ಯಾರೆ ಮಾತು."

"ಅಂವ ಬದಲಾಗ್ಯಾನವ್ವ."

"ದೇವರಿಗೆ ಸ್ತೋತ್ರ. ಹಂಗಾದ್ರ ನಾ ಹೋಗಂದ್ರ ಹೋಗ್ತಾನ. ಈಗ ಅಂತೀನಿ, ಹೋಗು."

ಬದಲಾದ ಗಂಡ ಎರಡು ನಿಮಿಷ ದ್ರಾಕ್ಷಿ ಹಿಡಿದು ನಿಂತಿದ್ದ. ಮೂರನೆಯ ನಿಮಿಷಕ್ಕೆ ಜಾಳಿಗೆ ಜಾಡಿಸಿ ಒದ್ದ. ದ್ರಾಕ್ಷಿ ಖೋಲಿಗಳ ಮುಂದಿನ ಗ್ಯಾಲರಿ ತುಂಬ ಉರುಳಿತು. ತಾವು ನಿಂತಿರುವುದು ಸಿಂಹದ ಪಕ್ಕದಲ್ಲಿ ಎಂದು ದಾನಿಯೇಲಪ್ಪ ಕಾಕಾನಿಗೆ ಆಗ ಹೊಳೆಯಿತು. (ಬೈಬಲಿನ ದಾನಿಯೇಲನನ್ನು ಹಾಕಿದ್ದೂ ಸಿಂಹಗಳ ಗವಿಗೇ. ಹೆಸರಿಗೆ ತಕ್ಕ ಜಾಗ!) ಅಕ್ಕಪಕ್ಕದ ಮರಾಠಿ ಹೆಂಗಸರು "ಕಾಯ್ ಝಾಲಂ?", ಏನಾಯಿತು ಎಂದು ಲಟ್ಟಣಿಗೆ ಸಮೇತ ಹೊರಬಂದರು. ಪಾಪ, ಕಾಕಾನೇ ಅವನ ಕಾಲರ್ ಹಿಡಿದು ಮೆಟ್ಟಿಲು ಇಳಿಸಿದರು.

ಭಾನುವಾರ ಆರಾಧನೆ ಮುಗಿದದ್ದೇ ನಾನು ಅವಳ ಖೋಲಿಗೆ ಓಡಿದೆ. "ತಪ್ಪಾತು ಸುಗುಣಾ, ಕ್ಷಮಾ ಮಾಡು," ಎಂದೆ.

"ಮಾಡ್ತೀನಕ್ಕಾ. ಇವತ್ತಲ್ಲ."

ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂತು. ಅಲ್ಲ, ಬಿಸಿಲಲ್ಲಿ ಇಷ್ಟು ದೂರ ಬಂದು ಬಾಯಿಬಿಟ್ಟು ಕೇಳಿದರೂ ಇವತ್ತಲ್ಲ ಎಂದರೇನು? ಕೈಯಲ್ಲಿದ್ದ ಕೇಕಿನ ಡಬ್ಬಿ ಆಗ ಕಣ್ಣಿಗೆ ಬಿತ್ತು. ಅವನು ದ್ರಾಕ್ಷಿ ತಂದಿದ್ದ, ನಾನು ಕೇಕ್ ತಂದಿದ್ದೆ. ನಾಚಿಕೆಯಾಗಿ ಡಬ್ಬಿಯನ್ನು ಸೆರಗಿನ ಹಿಂದೆ ಸರಿಸಿದೆ.

ವಿಳಾಸ ಗೊತ್ತಾದ ಮೇಲೆ ಅಲ್ಲಿರುವುದು ಹೇಗೆ? ಮೂರು ವರ್ಷ ಕಷ್ಟಪಟ್ಟು ಕೂಡಿಸಿಕೊಂಡ ಗಿರಾಕಿಗಳನ್ನು ಬಿಟ್ಟು ಸುಗುಣಾ ಖೋಲಿ ಬದಲಿಸಿದಳು. ಹೊಲಿಗೆ ಮಷೀನಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ದಾನಿಯೇಲಪ್ಪ ಕಾಕಾ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಈಗ ಅವಳು ಎಲ್ಲಿದ್ದಾಳೆ? ಹೇಳುವುದಿಲ್ಲ. (ಸುಗುಣಾ ಎಂಬುದು ಅವಳ ಹೆಸರಲ್ಲ. ಇಷ್ಟನ್ನೂ ಅವಳಿಗೆ ಓದಿ ಹೇಳಿ, ಅವಳು ಹೂಂ ಎಂದ ಮೇಲೇ ಪತ್ರಿಕೆಗೆ ಕಳಿಸಿದೆ. ಅಷ್ಟು ಬುದ್ಧಿ ಬಂದಿದೆ.)

ಈ ಬುಧವಾರ ಹೊಸ ಖೋಲಿಗೆ ಹೋಗಿದ್ದೆ. ಪ್ರಾರ್ಥನೆಗೆ ಕುಳಿತಾಗ ಅವಳ ಕಣ್ಣು ಮತ್ತೆ ಬಾಗಿಲ ಮೇಲೆ. ಎದ್ದು ಹೋಗಿ ಬಾಗಿಲಿಗೇ ಬೆನ್ನು ಕೊಟ್ಟು ಕುಳಿತೆ. ನನ್ನ ತೂಕಕ್ಕೆ ಆ ಬಾಗಿಲು ಯಾರಪ್ಪ ಬಂದರೂ ತೆರೆಯದು.

"ನೀ ಮುಚ್ಚು, ನಾ ಕಾಯ್ತೀನಿ," ಎಂದೆ.

ಸುಗುಣಾ ನಕ್ಕಳು. ಮುಚ್ಚಿದಳೇ? ಒಂದು ಕಣ್ಣು. ಆಮೇಲೆ ಮೆಲ್ಲಗೆ ಪ್ರಾರ್ಥಿಸಿದಳು: "ಸ್ವಾಮಿ, ನಾ ಎಲ್ಲಿದ್ದೀನಂತ ನಿನಗ ಗೊತ್ತದ. ಅಷ್ಟ ಸಾಕು."

ಹೌದಲ್ಲ! ಅವಳ ಅಡ್ರೆಸ್ ದೇವರಿಗೆ ಮೊದಲೇ ಗೊತ್ತಿತ್ತು. ಹಾಗಾದರೆ ಅವತ್ತು ಗ್ರೂಪಿನಲ್ಲಿ ನಾನು ಹೇಳಿದ್ದು ಯಾರಿಗೆ?