ಎಂ ಅಲ್ಲ ಅಥವಾ ಎಫ್ ಅಲ್ಲ

ಅಪ್ಪನಿಗೆ ಬ್ಯಾಂಕಿನಿಂದ ಕಾಶಿಗೆ ವರ್ಗವಾದಾಗ ನಾನು ಮೈಸೂರಿನಲ್ಲಿ ಕಂಪ್ಯೂಟರ್ ಓದು ಮುಗಿಸಿ ಕೂತಿದ್ದೆ. ಅವರ ಜೊತೆ ಬಂದವಳಿಗೆ ಅಲ್ಲಿಯ ಭೇಲೂಪುರ ಬಡಾವಣೆಯ ಸಣ್ಣದೊಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ, ನಾಲ್ಕು ಕಂಪ್ಯೂಟರು, ಐದು ಜನ. ಆ ಐವರಲ್ಲಿ ಒಬ್ಬಳು ಹುಬ್ಬಳ್ಳಿಯವಳು, ರೈಲ್ವೆ ನೌಕರನ ಹೆಂಡತಿ. ನನಗಿಂತ ಹತ್ತು ವರ್ಷ ದೊಡ್ಡವಳು. ಮೊದಲ ದಿನವೇ ಅವಳನ್ನು ಅಕ್ಕ ಎಂದೆ. ದಿನವಿಡೀ ಹಿಂದಿ ಮಾತಾಡಿ ದವಡೆ ನೋಯುತ್ತಿದ್ದ ನನಗೆ ಮಧ್ಯಾಹ್ನದ ಊಟದ ಅರ್ಧ ಗಂಟೆ ಅವಳ ಕನ್ನಡವೇ ಆಸರೆ.

ರಕ್ತಪರೀಕ್ಷೆಯ ಲ್ಯಾಬೊಂದಕ್ಕೆ ರೋಗಿಗಳ ಹೆಸರು ನೋಂದಾಯಿಸುವ ಪ್ರೋಗ್ರಾಮನ್ನು ನಾನು ಜಾವಾದಲ್ಲಿ ಬರೆದಿದ್ದೆ. ಅದನ್ನು ತೋರಿಸಬೇಕಾದ ಹಿಂದಿನ ದಿನ ಒಂದು ಕೊರತೆ ಕಂಡಿತು: ಗಂಡಾದರೆ ಎಂ, ಹೆಣ್ಣಾದರೆ ಎಫ್ ಎಂದು ಬರೆಯುವ ಜಾಗದಲ್ಲಿ ಏನು ಒತ್ತಿದರೂ ನಡೆಯುತ್ತಿತ್ತು. ಅವಸರದಲ್ಲಿ ಒಂದು ಸಾಲು ಸೇರಿಸಿದೆ. ಬರೆದದ್ದು ಎಂ ಅಲ್ಲದಿದ್ದರೆ, ಅಥವಾ ಎಫ್ ಅಲ್ಲದಿದ್ದರೆ, ತಪ್ಪು ಎಂದು ತೋರಿಸು. ಓಡಿಸಿ ನೋಡುವಷ್ಟರಲ್ಲಿ ಕರೆಂಟು ಹೋಯಿತು. ಅಮ್ಮನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯಬೇಕಿತ್ತು.

"ನೀ ಹೋಗು ತಂಗಿ, ಕರೆಂಟ್ ಬಂದಮ್ಯಾಲೆ ನಾ ನೋಡ್ತೀನಿ" ಎಂದಳು ಅಕ್ಕ.

ಸಂಜೆ ಫೋನು ಮಾಡಿದೆ. "ಎಲ್ಲಾ ಬರೋಬರಿ ಅದ. ಆರಾಮಿರು."

ಮರುದಿನ ಲ್ಯಾಬಿನ ಡಾಕ್ಟರು, ಅವರ ವಯಸ್ಸಾದ ಗುಮಾಸ್ತರು, ನಮ್ಮ ಮಾಲೀಕರು ನನ್ನ ಬೆನ್ನ ಹಿಂದೆ ನಿಂತರು. ಗುಮಾಸ್ತರು ಎಂ ಒತ್ತಿದರು. ತಪ್ಪು. ಎಫ್ ಒತ್ತಿದರು. ತಪ್ಪು. ಮತ್ತೆ ಎಂ. ತಪ್ಪು.

"ಮರ್ದ್ ಭೀ ನಹೀಂ, ಔರತ್ ಭೀ ನಹೀಂ, ತೋ ಮರೀಜ್ ಹೈ ಕೌನ್?" ಎಂದರು ಗುಮಾಸ್ತರು. ಗಂಡೂ ಅಲ್ಲ, ಹೆಣ್ಣೂ ಅಲ್ಲ, ಮತ್ತೆ ರೋಗಿ ಯಾರು? ಡಾಕ್ಟರು ನಕ್ಕರು. ಮಾಲೀಕರು ನಗಲಿಲ್ಲ. ನನ್ನ ಕಣ್ಣು ಪರದೆಯ ಮೇಲಿದ್ದರೂ ಏನೂ ಓದಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಅಕ್ಕ ಬಂದು ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು. 'ಅಥವಾ' ಎಂಬುದಕ್ಕೆ ಹಾಕಿದ್ದ ಎರಡು ನೆಟ್ಟನೆಯ ಗೆರೆಗಳನ್ನು ಅಳಿಸಿ 'ಮತ್ತು' ಎಂಬುದರ ಚಿಹ್ನೆ ಹಾಕಿದಳು. ಎಂ ಎಂದು ಬರೆದರೆ ಅದು ಎಫ್ ಅಲ್ಲ, ಎಫ್ ಎಂದು ಬರೆದರೆ ಅದು ಎಂ ಅಲ್ಲ; ನನ್ನ 'ಅಥವಾ' ಯಾರನ್ನೂ ಒಳಗೆ ಬಿಡುವಂತಿರಲಿಲ್ಲ. ಎರಡೂ ಅಲ್ಲದಿದ್ದಾಗ ಮಾತ್ರ ತಡೆಯಬೇಕಿತ್ತು. ಗುಮಾಸ್ತರು ಮತ್ತೆ ಒತ್ತಿದರು. ಈ ಸಲ ನಡೆಯಿತು.

"ಇದು ನಿಮಗೆ ಹೇಗೆ ಹೊಳೆಯಿತು?" ಎಂದು ಮಾಲೀಕರು ಹಿಂದಿಯಲ್ಲಿ ಕೇಳಿದರು.

"ಸರ್, ಮೈನೇ ತೋ ಕಲ್ ಹೀ ದೇಖ್ ಲಿಯಾ ಥಾ" ಎಂದಳು. ನಿನ್ನೆಯೇ ನೋಡಿದ್ದೆ ಎಂದು. ನನ್ನ ಕಡೆ ತಿರುಗಲಿಲ್ಲ.

ಎಲ್ಲರೂ ಹೋದ ಮೇಲೆ ಮೆಟ್ಟಿಲ ಬಳಿ ಅವಳನ್ನು ತಡೆದೆ. "ನಿನ್ನೆ ಬರೋಬರಿ ಇದೆ ಅಂದಿರಲ್ಲ ಅಕ್ಕ?"

ಅವಳು ಸುಳ್ಳು ಹೇಳಲಿಲ್ಲ. "ಎರಡು ವರ್ಷ ಆತು ಇಲ್ಲಿ. ಬರೇ ಟೈಪ್ ಮಾಡೋ ಕೆಲಸ ಕೊಡ್ತಾರ. ಒಮ್ಮೆ ಅವರ ಕಣ್ಣಿಗೆ ಬೀಳಬೇಕಿತ್ತು. ನಿನಗೇನು, ವಯಸ್ಸದ."

"ಫೋನಲ್ಲೇ ಹೇಳಬಹುದಿತ್ತು. ಅವರೆದುರು ನಾನೇ ನಿಮ್ಮ ಹೆಸರು ಹೇಳ್ತಿದ್ದೆ."

"ಹೇಳ್ತಿದ್ದೆ ಅಂತ ಈಗ ಅಂತಿ" ಎಂದು ಇಳಿದುಹೋದಳು.

ಮುಂದಿನ ಕೆಲಸ ಅವಳಿಗೇ ಹೋಯಿತು. ನಾನು ಹೇಳುತ್ತಿದ್ದೆನೇ? ಹೌದು ಎಂದೇ ಈಗಲೂ ಅಂದುಕೊಳ್ಳುತ್ತೇನೆ. ಅಂದಿನಿಂದ ಅವಳ ಜೊತೆ ಹಿಂದಿಯಲ್ಲೇ ಮಾತಾಡಿದೆ. ಫೈಲ್ ಕೊಡಿ, ಪ್ರಿಂಟರ್ ಖಾಲಿ ಇದೆಯಾ, ಅಷ್ಟೇ. ಊಟದ ಹೊತ್ತಿಗೆ ಒಬ್ಬಳೇ ಹೊರಗೆ ಹೋಗುತ್ತಿದ್ದೆ.

ಮರುವರ್ಷ ಅವಳ ಗಂಡನಿಗೆ ವರ್ಗವಾಯಿತು. ಹೊರಡುವ ದಿನ ನನ್ನ ಮೇಜಿನ ಬಳಿ ಬಂದಳು. ನಾನು ಹಿಂದಿಯಲ್ಲಿ ಶುಭ ಹಾರೈಸಿದೆ.

"ಕನ್ನಡದಾಗ ಬೈದಿದ್ದರ ಚಲೋ ಇತ್ತು" ಎಂದಳು.

ಅವಳು ಚೀಲ ಎತ್ತಿಕೊಂಡು ಕೆಳಗಿಳಿದಳು, ನಾನು ಕೂತಲ್ಲೇ ಕೂತಿದ್ದೆ.