ಡಾಕ್ಟರಿಗೆಂದು ಕೊಟ್ಟ ಉಸಿರು

ದೆವ್ವದ ಕಿರುಚಿತ್ರ ಎಂದರೆ ನನಗೀಗ ಹೇಸಿಗೆ. ಮೊದಲೂ ಇತ್ತು. ಆದರೆ ಅದು ಹಳಸಿದ ಸಾರಿನ ಮುಚ್ಚಳ ತೆಗೆದಾಗ ಬರುವಂಥದ್ದು. ಮತ್ತೆ ಮುಚ್ಚಿಟ್ಟರೆ ಮುಗಿಯಿತು. ಈಗಿನದು ಹಾಗಲ್ಲ. ಸೋಪು ಹಚ್ಚಿ ತಿಕ್ಕಿದರೂ ಕೈಬಿಡುತ್ತಿಲ್ಲ.

ಇಳಕಲ್ಲಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮದೊಂದು ಸ್ಟುಡಿಯೋ ಇದೆ. ಮೈದುನ ಊರವರ ಮದುವೆ, ಬಸುರಿಯರ ಕುಬಸ, ಗೃಹಪ್ರವೇಶಗಳನ್ನು ಶೂಟ್ ಮಾಡಿಕೊಂಡು ಬರುತ್ತಾನೆ. ನಾನು ಕಂಪ್ಯೂಟರಿನ ಮುಂದೆ ಕೂತು ಕತ್ತರಿಸಿ ಜೋಡಿಸುತ್ತೇನೆ. ಹನ್ನೊಂದು ವರ್ಷದಿಂದ ಇದೇ ಕೆಲಸ. ಇದರಿಂದ ನಾನು ಕಲಿತದ್ದೇನಾದರೂ ಇದ್ದರೆ ಅದು ಇಷ್ಟು: ಚಿತ್ರ ಸುಳ್ಳು ಹೇಳುತ್ತದೆ, ಸದ್ದು ಹೇಳುವುದಿಲ್ಲ. ಬೀಗರು ಕ್ಯಾಮೆರಾದ ಮುಂದೆ ಹಲ್ಲು ಕಿರಿಯುತ್ತ ನಿಂತಿರುತ್ತಾರೆ, ಮೈಕಿನಲ್ಲಿ ಮಾತ್ರ ಅವರು ಊಟದ ಬಗ್ಗೆ ಆಡಿಕೊಳ್ಳುವುದು ಸ್ಪಷ್ಟವಾಗಿ ಕೇಳುತ್ತದೆ.

ಹೋದ ವರ್ಷ ಬಾದಾಮಿಯಲ್ಲಿ ಕಿರುಚಿತ್ರಗಳ ಸ್ಪರ್ಧೆ ಇದೆಯೆಂದು ಯಾರೋ ಮೈದುನನ ತಲೆಗೆ ಹಾಕಿದರು. ಇವನು ದೆವ್ವದ್ದೇ ಮಾಡುತ್ತೇನೆಂದು ಹಟ ಹಿಡಿದ. ಪಾಠಕ್ಕೆಂದು ಮೊಬೈಲಿನಲ್ಲಿ ಇಪ್ಪತ್ತು ಮೂವತ್ತು ಚಿತ್ರ ನನಗೂ ತೋರಿಸಿದ. ಒಂದಕ್ಕಿಂತ ಒಂದು ಕೊಳಕು. ಕೂದಲು ಮುಂದೆ ಬಿಟ್ಟುಕೊಂಡ ಹುಡುಗಿ, ತಾನಾಗಿ ತೆರೆಯುವ ಬಾಗಿಲು, ಕನ್ನಡಿಯಲ್ಲಿ ಇನ್ನೊಂದು ಮುಖ, ಆಮೇಲೆ ಢಂ ಎಂದು ಕಿವಿ ಹರಿಯುವ ಸದ್ದು. ಬೆನ್ನ ಹಿಂದೆ ಬಂದು ಡಬ್ಬ ಬಡಿದರೆ ಎಮ್ಮೆಯೂ ಬೆದರುತ್ತದೆ, ಇದರಲ್ಲಿ ಏನು ದೊಡ್ಡಸ್ತಿಕೆ? ನಾನು ಹಾಗೇ ಅಂದೆ.

"ವೈನಿ, ನೀವು ಸುಮ್ಕ ನೋಡ್ರಿ. ಬೆಳಕ ಕೆಳಗಿಂದ ಬಿಟ್ರ ಎಂಥಾ ಚಂದದ ಮಾರಿನೂ ದೆವ್ವ ಆಕ್ಕೈತಿ," ಅಂದ.

ಹುನಗುಂದದಲ್ಲಿ ಮುಚ್ಚಿಹೋದ ಹತ್ತಿಯ ಗೋದಾಮೊಂದು ಸಿಕ್ಕಿತು. ರಾತ್ರಿ ಅಲ್ಲಿ ಯಾರನ್ನೂ ಬಿಡುವುದಿಲ್ಲ ಎಂದರು. ಹಾಗಾಗಿ ನಮ್ಮ ನಡುರಾತ್ರಿಯೆಲ್ಲ ಮಟಮಟ ಮಧ್ಯಾಹ್ನವೇ ಆಯಿತು. ಕಿಟಕಿಗಳಿಗೆ ತಾಡಪತ್ರಿ ಹೊಡೆದು, ಬ್ಯಾಟರಿ ಲೈಟಿಗೆ ನೀಲಿ ಹಾಳೆ ಕಟ್ಟಿ ಬೆಳದಿಂಗಳು ಮಾಡಿದೆವು. ತಗಡಿನ ಕೆಳಗೆ ಒಲೆಯೊಳಗೆ ಕೂತಂತಿತ್ತು. ದೆವ್ವವಾಗಲು ಮೈದುನನ ಗೆಳೆಯನ ತಂಗಿ ಒಪ್ಪಿದ್ದಳು. ಊರ ತುಂಬ ಸೀರೆಗಳೇ ಇರುವ ಇಳಕಲ್ಲಿನಲ್ಲಿ ಅಂಚಿಲ್ಲದ, ಸೆರಗಿಲ್ಲದ ಬಿಳಿ ಸೀರೆ ಒಂದೂ ಸಿಗದೆ ಎರಡು ಧೋತರ ಜೋಡಿಸಿ ಹೊಲಿದು ಅವಳಿಗೆ ಉಡಿಸಿದೆ. ರಕ್ತ ಮಾಡಿದವಳೂ ನಾನೇ, ಬೆಲ್ಲದ ಪಾಕಕ್ಕೆ ಕುಂಕುಮ ಕಲಸಿ. ಅರ್ಧ ಗಂಟೆಯಲ್ಲಿ ನೊಣಗಳು ಅವಳ ಕೊರಳಿಗೆ ಮುತ್ತಿ, ಮೂಗು ಬಾಯಿಗೂ ಹೊಕ್ಕವು. ಪಾಪ, ಅವಳು ಥೂ ಥೂ ಎನ್ನುತ್ತ ಹೊರಗೆ ಓಡಿದಳು. ಆ ಬೆವರು, ಬೆಲ್ಲ, ಹಳೇ ಹತ್ತಿಯ ಮುಗ್ಗಲು ವಾಸನೆ ಎರಡು ದಿನ ನನ್ನ ಮೂಗಿನಲ್ಲೇ ಇತ್ತು.

ಆದರೂ ನಿಜ ಹೇಳಬೇಕು, ಮೈದುನನ ಕೈ ಚೆನ್ನಾಗಿತ್ತು. ಕ್ಯಾಮೆರಾವನ್ನು ಗೋಣಿಚೀಲದ ಮೇಲಿಟ್ಟು, ಚೀಲವನ್ನು ಸಿಮೆಂಟ್ ನೆಲದ ಮೇಲೆ ಇಂಚಿಂಚಾಗಿ ಎಳೆದ. ಅದು ಮೂಲೆಯಲ್ಲಿದ್ದ ಹಳೇ ಕಪಾಟಿನ ಕಡೆ ಸಾಗುತ್ತದೆ. ಕಪಾಟಿನಲ್ಲಿ ಏನೂ ಇಲ್ಲ. ಇನ್ನೊಂದು ದೃಶ್ಯದಲ್ಲಿ, ಗೋದಾಮಿಗೆ ಬಂದ ಮನುಷ್ಯನನ್ನು ಚಿತ್ರದ ಒಂದು ಅಂಚಿಗೆ ತಳ್ಳಿ ಉಳಿದ ಜಾಗವನ್ನೆಲ್ಲ ಕತ್ತಲೆಗೆ ಬಿಟ್ಟಿದ್ದ. ನೋಡುವವರ ಕಣ್ಣು ಮನುಷ್ಯನನ್ನು ಬಿಟ್ಟು ಆ ಖಾಲಿ ಕತ್ತಲೆಯನ್ನೇ ತಡಕಾಡುತ್ತದೆ. ನೊಣಗಳ ಕತೆಯೆಲ್ಲ ಗೊತ್ತಿದ್ದೂ, ಕಂಪ್ಯೂಟರಿನಲ್ಲಿ ನೋಡುವಾಗ ನನ್ನ ಮೈ ಜುಮ್ಮೆಂದಿತು.

ಕೆಟ್ಟದ್ದೆಂದರೆ ಅವನು ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಸದ್ದು. ಅದೇ ಪಿಟೀಲಿನ ಕಿರಗುಟ್ಟುವಿಕೆ, ಅದೇ ಢಂ. "ಇದನ್ನ ಕೇಳಿ ಕೇಳಿ ಮಂದಿಗೆ ಜೋಗುಳ ಆಗೇತಿ. ಖರೇ ಸದ್ದು ಬೇಕು," ಅಂದವಳು ನಾನು. ಯಾರೂ ನನ್ನ ಬಾಯಲ್ಲಿ ಆ ಮಾತು ತುರುಕಲಿಲ್ಲ.

ಖರೇ ಸದ್ದು ಗೋಡೆಯಾಚೆ ಇತ್ತು. ನಮ್ಮ ಸ್ಟುಡಿಯೋಕ್ಕೂ ಪಕ್ಕದ ಮನೆಗೂ ಒಂದೇ ಗೋಡೆ. ಅಲ್ಲಿರುವವರನ್ನು ಓಣಿಯವರೆಲ್ಲ ಕಾಕಾ ಎನ್ನುತ್ತೇವೆ. ಇಪ್ಪತ್ತೈದು ವರ್ಷ ಗ್ರಾನೈಟ್ ಕೊಯ್ದು ಪಾಲಿಶ್ ಮಾಡಿದವರು. ಆ ಧೂಳು ಈಗ ಎದೆಯಲ್ಲಿ ಕೂತಿದೆ. ಉಸಿರು ಒಳಗೆ ಹೋಗುವಾಗ ಸಣ್ಣ ಸೀಟಿ, ಹೊರಗೆ ಬರುವಾಗ ಗರಗರ, ನಡುವೆ ಒಮ್ಮೊಮ್ಮೆ ತಡೆದು ನಿಲ್ಲುತ್ತದೆ. ಅವರ ಮಗಳ ಮಗಳು ಒಂದನೇ ತರಗತಿಯ ಕೂಸು. ಶಾಲೆಯಿಂದ ಬಂದದ್ದೇ ಚೀಲವನ್ನು ಅಜ್ಜ ಮಲಗಿದ ಹೊರಸಿನ ಮೇಲೆ ಎಸೆದು, ಅವರ ಎದೆಗೆ ಕಿವಿ ಆನಿಸಿ ಮಲಗುತ್ತಿತ್ತು. ಆ ಸದ್ದಿಗೆ ಅದು ಇಟ್ಟ ಹೆಸರು ಅಜ್ಜಾನ ಪೀಪಿ. ಐದು ನಿಮಿಷದಲ್ಲಿ ನಿದ್ದೆ. ಅದರ ಅವ್ವ ಮಗ್ಗದ ಕೆಲಸ ಮುಗಿಸಿ ಬರುವತನಕ ಕಾಕಾ ಕೈ ಜೋಮು ಹಿಡಿದರೂ ಮಗ್ಗುಲು ಬದಲಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೈಕು ಹಿಡಿದುಕೊಂಡು ಅವರ ಮನೆಗೆ ಹೋದೆ.

"ಕಾಕಾ, ನಿಮ್ಮ ಉಸುರು ಒಂದೀಟ ರೆಕಾರ್ಡ್ ಮಾಡ್ಕೊಳ್ಳೇನ್ರಿ?"

"ಬಾಗಲಕೋಟಿ ಡಾಕ್ಟರಗೆ ಕಳಸಾಕೇನವಾ?"

ಬಾಗಲಕೋಟೆಗೆ ಹೋಗಿಬರುವುದೆಂದರೆ ಅವರಿಗೆ ಜೀವ ಹೋಗಿ ಬಂದಂತೆ. ಬಸ್ಸಿನ ಮೆಟ್ಟಿಲು ಹತ್ತುವಷ್ಟರಲ್ಲೇ ತುಟಿ ನೀಲಿಯಾಗುತ್ತದೆ. ಅದಕ್ಕೇ ಮಗಳು ಆಗಾಗ ಫೋನಿನಲ್ಲಿ ವಿಡಿಯೋ ಮಾಡಿ ಡಾಕ್ಟರಿಗೆ ಕಳಿಸುವುದುಂಟು. ನಾನೂ ಅದಕ್ಕೇ ಬಂದೆನೆಂದು ತಿಳಿದರು. ಅಲ್ಲ ಎನ್ನಲು ನನಗೆ ಬಾಯಿತ್ತು. "ಹೂಂರಿ," ಅಂದೆ.

ಕಾಕಾ ಎದ್ದು ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಅಂಗಿಯ ಗುಂಡಿಗಳನ್ನೆಲ್ಲ ಹಾಕಿ ನೆಟ್ಟಗೆ ಕೂತರು. "ಜೋರ ತಗೊಳ್ಳಲೇನು?" ಎಂದು ಕೇಳಿದರು. ಡಾಕ್ಟರಿಗೆ ಸರಿಯಾಗಿ ತಿಳಿಯಲೆಂದು ಆಳವಾಗಿ ಎಳೆದರು. ಕೆಮ್ಮು ಬಂದರೂ ತಡೆದುಕೊಂಡರು. ಕಣ್ಣಲ್ಲಿ ನೀರು ಬಂತು. ಹೆಡ್‌ಫೋನ್ ಹಾಕಿಕೊಂಡು ಎದುರಿಗೆ ಕೂತಿದ್ದ ನನ್ನ ಮನಸ್ಸಿನಲ್ಲಿದ್ದುದು ಒಂದೇ ಮಾತು: ಎಂಥಾ ಸದ್ದು ಸಿಕ್ಕಿತು!

ಆ ಉಸಿರನ್ನು ಸ್ವಲ್ಪ ನಿಧಾನ ಮಾಡಿದೆ, ಬಾವಿಯೊಳಗಿಂದ ಬಂದಂತೆ ಮಾರ್ದನಿ ಕೊಟ್ಟೆ. ಕ್ಯಾಮೆರಾ ಕಪಾಟಿನ ಕಡೆ ಸಾಗುವಾಗ ಮೊದಲು ಗಾಳಿಯ ಸದ್ದು. ಆಮೇಲೆ ಗಾಳಿಯೂ ನಿಂತು ನಾಲ್ಕು ಸೆಕೆಂಡು ಏನೂ ಇಲ್ಲ. ಮಂದಿ ಹೆದರುವುದು ಸದ್ದಿಗಲ್ಲ, ಅದರ ಮುಂಚಿನ ಮೌನಕ್ಕೆ. ಆ ಮೌನದಲ್ಲಿ ನೋಡುವವರು ತಾವೇ ಉಸಿರು ಹಿಡಿಯುತ್ತಾರೆ. ಮೂರು ಸೆಕೆಂಡು ಸಾಲದು, ಐದಾದರೆ ಯಾರಾದರೂ ಕೆಮ್ಮಿ ಕೆಡಿಸುತ್ತಾರೆ. ನಾಲ್ಕು ಮುಗಿದೊಡನೆ ಕಾಕಾನ ಉಸಿರು ಬಿಟ್ಟೆ.

"ವೈನಿ, ನಿಮಗ ಕೈ ಮುಗೀತೇನಿ," ಅಂದ ಮೈದುನ. ನಾನು ಪೂರಿಯಂತೆ ಉಬ್ಬಿದೆ.

ಬಾದಾಮಿಗೆ ಕಳಿಸುವ ಮೊದಲು ಒಂದು ರವಿವಾರ ಮಧ್ಯಾಹ್ನ ಸ್ಟುಡಿಯೋದ ಬಾಗಿಲು ಹಾಕಿ, ದೊಡ್ಡ ಸ್ಪೀಕರಿಟ್ಟು ಓಣಿಯವರಿಗೆಲ್ಲ ತೋರಿಸಿದೆವು. ಕಾಕಾ ಬರಲಿಲ್ಲ. ಕೂಸು ಬಂದು ನನ್ನ ತೊಡೆಯ ಮೇಲೆ ಕೂತಿತು. ದೆವ್ವ ಕಂಡಾಗ ಧೋತರದ ಹೊಲಿಗೆ ಗುರುತಿಸಿ ಕಿಸಕ್ಕನೆ ನಕ್ಕಿತು. ಉಸಿರು ಬಂದಾಗ ಹೆಂಗಸರು ಚೀರಿದರು. "ಥೂ, ಹೊಲಸ! ಹೆಣ ಉಸುರಾಡಿದಂಗ ಐತಿ," ಎಂದು ಒಬ್ಬಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಮಾತು ನನಗೆ ಬಹುಮಾನದಂತೆ ಕೇಳಿಸಿತು. ತೊಡೆಯ ಮೇಲಿನ ಕೂಸು ಮಾತ್ರ ಚೀರಲಿಲ್ಲ. ಮೈ ಬಿಗಿಹಿಡಿದು ನನ್ನ ಕಡೆ ತಿರುಗಿತು.

"ಚಿಗವ್ವಾ, ನಮ್ಮ ಅಜ್ಜಾನ ಎದಿಯಾಗ ದೆವ್ವ ಐತೇನು?"

ಮರುದಿನದಿಂದ ಅದು ಚೀಲವನ್ನು ಬಾಗಿಲಿನಿಂದಲೇ ಹೊರಸಿಗೆ ಎಸೆದು ಓಡತೊಡಗಿತು. ಅವ್ವ ಬರುವವರೆಗೆ ಹೊರಗೆ ಕಟ್ಟೆಯ ಮೇಲೆ ಒಂದೇ ಕೂತಿರುತ್ತಿತ್ತು. ಕಾಕಾ ಮಗ್ಗುಲಲ್ಲಿ ಜಾಗ ಬಿಟ್ಟು ಮಲಗಿರುತ್ತಿದ್ದರು. ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದರು, "ಡಾಕ್ಟರ ಏನಂದ್ರವಾ?"

"ಇನ್ನೂ ಏನೂ ಹೇಳಿಲ್ರಿ," ಎನ್ನುತ್ತಿದ್ದೆ. ಮೂರು ಸಲ ಹಾಗೆಂದೆ.

ಹಾಳು ಮಾಡಿದ್ದನ್ನು ಸರಿಪಡಿಸುತ್ತೇನೆಂದು ಕೂಸನ್ನು ಸ್ಟುಡಿಯೋಕ್ಕೆ ಕರೆದೆ. ಕನ್ನಡಿಯ ಮುಂದೆ ನಿಲ್ಲಿಸಿ ಅದರ ಗದ್ದದ ಕೆಳಗೆ ಟಾರ್ಚ್ ಹಿಡಿದೆ. ತನ್ನ ಮುಖ ನೋಡಿ ನಕ್ಕಿತು. ನೀಲಿ ಹಾಳೆ ಕಣ್ಣಿಗೆ ಹಿಡಿದು ಓಣಿಯನ್ನೆಲ್ಲ ನೋಡಿತು. ಗೋಣಿಚೀಲದ ಮೇಲೆ ಕೂರಿಸಿ ಎಳೆದೆ. ಇನ್ನೊಮ್ಮೆ, ಇನ್ನೊಮ್ಮೆ ಎಂದಿತು. ಗೆದ್ದೆ ಅಂದುಕೊಂಡು, ನಿಧಾನ ಮಾಡದ, ಮಾರ್ದನಿ ಕೊಡದ ಮೊದಲಿನ ರೆಕಾರ್ಡಿಂಗ್ ಹಚ್ಚಿದೆ. "ನೋಡು, ಇದು ಬರೇ ಅಜ್ಜಾನ ಪೀಪಿ."

ಕೂಸು ಎರಡೂ ಕಿವಿ ಮುಚ್ಚಿಕೊಂಡಿತು. "ಇದೂ ದೆವ್ವಾನ," ಅಂದಿತು.

ಬೆಳಕಿನ, ಕ್ಯಾಮೆರಾದ ಸುಳ್ಳನ್ನು ಬಿಚ್ಚಿ ತೋರಿಸಬಹುದು. ಸದ್ದು ಸುಳ್ಳಾಗಿರಲಿಲ್ಲ, ಬಿಚ್ಚಿದಷ್ಟೂ ಅದರಲ್ಲಿ ಕಾಕಾನೇ ಇದ್ದರು. ಅವತ್ತೇ ಕೂತು ಚಿತ್ರದಿಂದ ಆ ಉಸಿರನ್ನು ಅಳಿಸಿದೆ.

"ಆ ಉಸುರ ತಗದ್ರ ಪಿಚ್ಚರ್‌ನ್ಯಾಗ ಏನ ಉಳೀತೈತ್ರಿ ವೈನಿ?" ಎಂದು ಮೈದುನ ಕೂಗಾಡಿದ.

"ನೊಣ ಉಳೀತಾವ," ಅಂದೆ. ಅವನ ಪಿಟೀಲನ್ನೇ ತುಂಬಿ ಕೊಟ್ಟೆ. ಬಾದಾಮಿಯಲ್ಲಿ ಒಬ್ಬರೂ ಹೆದರಲಿಲ್ಲವಂತೆ. ಅವನು ಒಂದು ವಾರ ನನ್ನೊಡನೆ ಮಾತು ಬಿಟ್ಟ.

ನಾಲ್ಕನೇ ಸಲ ಕಾಕಾ ಕೇಳುವ ಮೊದಲೇ ನಾನಾಗಿ ಹೋದೆ. ಹೊರಸಿನ ಪಕ್ಕ ನಿಂತುಕೊಂಡೇ ಎಲ್ಲ ಹೇಳಿದೆ: ಮೈಕು ಯಾಕೆ ತಂದಿದ್ದೆ, ಎಲ್ಲಿ ಹಾಕಿದೆ, ಕೂಸು ಯಾಕೆ ದೂರ ಹೋಯಿತು. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಮನಸ್ಸಿಗೆ ಎಷ್ಟೋ ಹಗುರವಾಗುತ್ತಿತ್ತು.

"ಕೂಸು ನಿನ್ನಿ ಅವರವ್ವನ ಮುಂದ ಹೇಳಾಕತ್ತಿತ್ತು, ಕೇಳಿಸ್ಕೊಂಡೆ," ಅಂದರು. ಸೀಟಿ, ಗರಗರ. "ಹಂಗಾದ್ರ ಡಾಕ್ಟರಗೆ ಕಳಿಸೇ ಇಲ್ಲೇನವಾ?"

"ಇಲ್ರಿ ಕಾಕಾ."

ಅಷ್ಟರಲ್ಲಿ ಹೊರಗೆ ಪುಟ್ಟ ಚಪ್ಪಲಿಯ ಸದ್ದು ಕೇಳಿತು. ಕಾಕಾ ನನಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿ, ಬಾಯಿ ಮುಚ್ಚಿ ಉಸಿರು ಹಿಡಿದರು. ಕೂಸು ಬಾಗಿಲಲ್ಲಿ ನಿಂತು ಕಿವಿಗೊಟ್ಟಿತು. ಏನೂ ಕೇಳದ ಮೇಲೆ ಒಳಗೆ ಬಂದು, ಹೊರಸಿನ ಮೇಲಿದ್ದ ಚೀಲ ಬಿಚ್ಚಿ ಪೆನ್ಸಿಲ್ ಹುಡುಕತೊಡಗಿತು. ಕಾಕಾ ಮುಚ್ಚಿದ ಬಾಯಲ್ಲೇ ನಗುತ್ತಿದ್ದರು. ಕೊರಳಿನ ನರ ಉಬ್ಬಿತ್ತು, ಹೊದಿಕೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ನಾನು ಅಭ್ಯಾಸಬಲದಿಂದ ಎಣಿಸುತ್ತಿದ್ದೆ. ನಾಲ್ಕು ಮುಗಿಯಿತು. ಏಳು. ಹತ್ತು.

ಕೂಸು ಪೆನ್ಸಿಲ್ ಹಿಡಿದು ಅಜ್ಜನ ಹತ್ತಿರ ಸರಿಯಿತು. ಎಷ್ಟೋ ದಿನಗಳ ಮೇಲೆ ಅವರ ಮೊಣಕಾಲು ಮುಟ್ಟಿತು.

"ಅಜ್ಜಾ, ದೆವ್ವ ಹೋತೇನು?"

ಕಾಕಾ ಹೌದೆಂದು ತಲೆಯಾಡಿಸಿದರು. ಕೂಸು ಖುಷಿಯಾಗಿ, ಅವ್ವ ಬಂದೊಡನೆ ಹೇಳಲು ಹೊರಗೆ ಕಟ್ಟೆಗೆ ಓಡಿತು. ಕಾಕಾ ನನಗೆ ಬಾಗಿಲಿನ ಕಡೆ ಕೈ ತೋರಿಸಿದರು. ನಾನು ಹೋಗಿ ಬಾಗಿಲು ಹಾಕಿದ ಮೇಲೆ ಅವರು ಹಿಡಿದಿಟ್ಟ ಉಸಿರು ಬಿಟ್ಟರು.